ಬಾಗಿಲು ಹಾಕಬೇಕೋ, ತೆರೆದಿಡಬೇಕೋ

"ಏನಾಗ್ಯಾದವ್ವಾ?" ಎಂದು ಡಾಕ್ಟರು ಕೇಳುವಾಗ ಮೇಜಿನ ಸುತ್ತ ಇನ್ನೂ ನಾಲ್ಕು ಮಂದಿ ಚೀಟಿ ಹಿಡಿದು ನಿಂತಿರುತ್ತಾರೆ. ಬಿಳಿ ಮುಟ್ಟಿನಿಂದ ನರಳುವ ಹೆಣ್ಣುಮಗಳು "ಹೊಟ್ಟಿ ನೋವ್ರೀ" ಎಂದಷ್ಟೇ ಹೇಳಿ, ಅದರ ಗುಳಿಗೆ ತೊಗೊಂಡು ಹೋಗುತ್ತಾಳೆ. ರಾಯಚೂರು ಸೀಮೆಯ ಅರಕೇರಾದಂಥ ಊರಲ್ಲಿ ಹಿಂದೆ ನಿಂತವರು ಓಣಿಯವರೋ ಬೀಗರೋ ಆಗಿರುತ್ತಾರೆ. ಆಸ್ಪತ್ರೆಯ ಮಾತು ಆಸ್ಪತ್ರೆಯಲ್ಲೇ ಉಳಿಯಬೇಕು ಎನ್ನುವವರ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಎರಡೂ ರೋಗಿಯ ಗುಟ್ಟನ್ನು ಕಾಯುತ್ತವೆ. ಆದರೆ ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಮಾತನ್ನು ತಡೆಯುವುದಿಲ್ಲ.

ಬಾಗಿಲು ಹಾಕಬೇಡಿ ಎನ್ನುವವರ ಮಾತಿಗೂ ತೂಕವಿದೆ. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಮುಚ್ಚಿದ ಕೋಣೆಯಲ್ಲಿ ಕೂಡಲಾಗದು. ಗಾಳಿಯಾಡದ ಕಡೆ ಕ್ಷಯರೋಗಿ ಕೆಮ್ಮಿದರೆ ಉಳಿದವರಿಗೂ ಅಂಟುವ ಭಯ. ಒಂಟಿ ಹೆಣ್ಣುಮಗಳನ್ನು ಮುಚ್ಚಿದ ಬಾಗಿಲ ಹಿಂದೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ, ಅದು ತಪ್ಪೂ ಅಲ್ಲ. ಸರ್ಕಾರಿ ಕಚೇರಿಯಲ್ಲಂತೂ ನಾಲ್ಕು ಜನರೆದುರು ಲಂಚ ಕೇಳುವುದು ಕಷ್ಟ. ಓದು ಬಾರದವರು ಮುಂದಿದ್ದವರ ಮಾತು ಕೇಳಿಯೇ ಯಾವ ಕಾಗದ ತರಬೇಕೆಂದು ತಿಳಿದುಕೊಳ್ಳುತ್ತಾರೆ. ಈ ಕೊನೆಯ ಕಾರಣವನ್ನು ಕಟ್ಟಡದ ನಕ್ಷೆ ಬರೆಯುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನ ಒಲವು ಆಸ್ಪತ್ರೆಯಲ್ಲಿ ಬಾಗಿಲು ಹಾಕುವ ಕಡೆಗೇ. ಆದರೆ ಗೋಡೆಯೊಂದರಿಂದ ಕೆಲಸವಾಗದು. 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ಸದ್ದು ತಡೆಯುತ್ತದೆ. ಆದರೆ ಬಾಗಿಲಿನ ನೂರರಲ್ಲೊಂದು ಪಾಲು ಸಂದಿ ಉಳಿದರೆ, ಹಲಗೆ ಎಷ್ಟೇ ದಪ್ಪವಿರಲಿ, ಆ ಬಾಗಿಲು 20 ಡೆಸಿಬಲ್ಲಿಗಿಂತ ಹೆಚ್ಚು ತಡೆಯದು. ಹೊಸ್ತಿಲ ಮೇಲೆ ಒಂದು ಬೆರಳು ಜಾಗ ಸಾಕು, ಅಷ್ಟಾಗುತ್ತದೆ. ಮೇಲ್ಛಾವಣಿ ಮುಟ್ಟದ ಅಲ್ಯೂಮಿನಿಯಂ ಪಾರ್ಟಿಷನ್ನಿನ ಮೇಲಿಂದ ಮಾತು ಹಾಗೇ ದಾಟುತ್ತದೆ. ಸದ್ದು ಹೀರುವ ಸೀಲಿಂಗ್ ಹಾಕಿಸಿದರೆ ಟೈಲ್ಸ್ ನೆಲದ ಗದ್ದಲ ಇಳಿಯುತ್ತದೆ, ಕಿವಿ ಮಂದವಾದ ಮುದುಕರಿಗೆ ಮಾತು ತಿಳಿಯುತ್ತದೆ. ಪಕ್ಕದ ಕೋಣೆಗೆ ಹೋಗುವ ಮಾತನ್ನು ಅದು ನಿಲ್ಲಿಸದು. ಬಹಳ ಕಡೆ ದುಡ್ಡು ಪೋಲಾಗುವುದು ಇಲ್ಲೇ.

ಆಸ್ಪತ್ರೆಯ ಕೋಣೆಗೆ ಜನ ಕೂಡುವ ಕಡೆಗೆ ಗಟ್ಟಿ ಬಾಗಿಲು, ಅದರಲ್ಲೊಂದು ಗಾಜಿನ ಕಿಂಡಿ, ಹಿತ್ತಿಲ ಕಡೆಗೆ ತೆರೆದ ಕಿಟಕಿ ಇದ್ದರೆ ಗಾಳಿಯೂ ಬರುತ್ತದೆ, ಮಾತೂ ಉಳಿಯುತ್ತದೆ. ಹೆಣ್ಣುಮಕ್ಕಳ ತಪಾಸಣೆಗೆ ನರ್ಸಮ್ಮ ಜೊತೆಗಿರಲೇಬೇಕು. ಸಿಬ್ಬಂದಿಯೇ ಸಾಲದ ಆಸ್ಪತ್ರೆಯಲ್ಲಿ ಗೋಡೆ ಕಟ್ಟಿಸುವುದಕ್ಕಿಂತ ಕಷ್ಟದ ಕೆಲಸ ಅದು. ಕಚೇರಿಯಲ್ಲಿ ಕೌಂಟರು ತೆರೆದೇ ಇರಲಿ, ಸಾಲು ಆರಡಿ ಹಿಂದೆ ನಿಲ್ಲಲಿ. ಬೇಕಾದ ಕಾಗದಗಳ ಪಟ್ಟಿಯನ್ನು ಒಬ್ಬರು ಎಲ್ಲರಿಗೂ ಕೇಳುವಂತೆ ಓದಿ ಹೇಳಲಿ. ವಿಧವಾ ವೇತನಕ್ಕೆ ಬಂದಾಕೆ ಗಂಡ ತೀರಿದ ಸಂಗತಿ ಹೇಳಲು ಪಕ್ಕದಲ್ಲೊಂದು ಕೋಣೆ ಬೇಕು.