ಕಛೇರಿ ಬಿಟ್ಟ ಮೇಲೆ: ಹೆಸರಿಗಿಂತ ಅಳತೆ ಮೇಲು

ಊರು ಬಿಟ್ಟು ಬಂದ ನಮ್ಮಂಥವರನ್ನು ಊರಿನಲ್ಲಿ ಉಳಿದವರು ‘ಎಲ್ಲಾ ಸಿಗುವ ಕಡೆ ಇರುವವರು’ ಎಂದು ತಿಳಿದಿದ್ದಾರೆ. ಅವರ ಮಟ್ಟಿಗೆ ಪುಣೆಯೆಂದರೆ ಒಂದು ದೊಡ್ಡ ಅಂಗಡಿ; ನಾವು ಅದರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಹಾಸಿಗೆ ಬಿಡಿಸಿ ಮಲಗುವವರು. ಈ ಹನ್ನೆರಡು ವರ್ಷಗಳಲ್ಲಿ ನಾನು ಶಿರಸಿ ಸೀಮೆಯ ನನ್ನ ಮಾವನ ಮನೆಗೆ ಹೊತ್ತಿರುವ ಸಾಮಾನಿನ ಪಟ್ಟಿ ಮಾಡಿದರೆ ಈ ಪುಟ ಸಾಲದು. ಪೈಠಣಿ ಸೀರೆ ಹೊತ್ತೆ, ಹೊಲಿಗೆ ಯಂತ್ರದ ಬೆಲ್ಟು ಹೊತ್ತೆ, ಅತ್ತೆಯವರ ರಕ್ತದೊತ್ತಡ ನೋಡುವ ಯಂತ್ರ ಹೊತ್ತೆ. ಈ ವರ್ಷ ಹೊತ್ತದ್ದು ನಾಲ್ಕು ಶಾಕ್ ಅಬ್ಸಾರ್ಬರು. ಓದುಗರಲ್ಲಿ ಊರಿನಲ್ಲಿ ಜೀಪು ಇಟ್ಟಿರುವ ಅಣ್ಣನೋ ಭಾವನೋ ಇರುವವರು ಬಹಳ ಮಂದಿ. ಆದ್ದರಿಂದ ಈ ಸಲದ ಅಂಕಣವನ್ನು ಆ ಕಥೆಗೇ ಮೀಸಲಿಟ್ಟಿದ್ದೇನೆ.

ನನ್ನ ಹೆಂಡತಿಯ ಅಣ್ಣ ಅಡಿಕೆ ತೋಟದ ಯಜಮಾನರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಅವರ ಬಳಿ ಒಂದು ಹಳೆಯ ಜಿಪ್ಸಿ ಗಾಡಿ ಇದೆ. 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದು, ಸೈನ್ಯದವರ ಕೈಯಲ್ಲಿ ಹೆಸರು ಪಡೆದ ಗಾಡಿ ಅದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ನಾಲ್ಕು ಮೂಲೆಗೂ ಎತ್ತಿನಗಾಡಿಯ ಕಾಲದಿಂದ ನಾವು ಬಲ್ಲ ಕಮಾನಿನಂಥ ಪ್ಲೇಟ್ ಸ್ಪ್ರಿಂಗುಗಳೇ. ಟಾರು ರಸ್ತೆಯಿಂದ ಮನೆಯವರೆಗಿನ ಇಳಿಜಾರು ದಾರಿಯಲ್ಲಿ ಮಳೆಗಾಲದಲ್ಲಿ ಹೋಗಬಲ್ಲ ವಾಹನ ಅದೊಂದೇ. ತಿಂಗಳಿಗೊಮ್ಮೆ ಅತ್ತೆಯವರನ್ನು ಪೇಟೆಯ ಡಾಕ್ಟರರಲ್ಲಿಗೆ ಕರೆದೊಯ್ಯುವುದೂ ಅದರಲ್ಲೇ.

ಹೋದ ಚಳಿಗಾಲದಲ್ಲಿ ಭಾವನ ಮಗ ಆ ಗಾಡಿಯನ್ನು ಎರಡು ಇಂಚು ಎತ್ತಿಸಿದ. ದಾರಿಯ ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ಬಡಿಯುತ್ತದೆ ಎಂಬುದು ಹೇಳಿದ ಕಾರಣ. ಎತ್ತರದ ಗಾಡಿ ನೋಡಲು ಗತ್ತಾಗಿ ಕಾಣುತ್ತದೆ ಎಂಬುದು ಹೇಳದ ಕಾರಣ. ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಸೇರಿಸಿದರು, ಗಾಡಿ ಎದ್ದು ನಿಂತಿತು. ಅತ್ತೆಯವರಿಗೆ ಹತ್ತಲು ಒಂದು ಸ್ಟೂಲು ಬೇಕಾಯಿತು. ಮೂರು ತಿಂಗಳೊಳಗೆ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿತು. ‘ಹಳೆಯವು, ಆಯುಸ್ಸು ಮುಗಿಯಿತು’ ಎಂದರು ಎಲ್ಲರೂ. ನನಗೆ ಫೋನು ಬಂತು: “ಭಾವ, ನಿಮ್ಮಲ್ಲಿ ಎಲ್ಲಾ ಸಿಗ್ತದಲ್ಲ, ಬರುವಾಗ ನಾಲ್ಕು ಶಾಕ್ ತಂದುಬಿಡಿ.”

ನಾನಾಪೇಠೆ ಪುಣೆಯಲ್ಲಿ ಮೋಟಾರು ಬಿಡಿಭಾಗಗಳ ಪೇಟೆ. ಒಂದು ಶನಿವಾರ ಅಲ್ಲಿಗೆ ಹೋಗಿ, ಗಾಡಿಯ ಹೆಸರು ಹೇಳಿದೆ. ಅಂಗಡಿಯವನು ಕೊಟ್ಟ, ದುಡ್ಡು ಕೊಟ್ಟೆ. ಮೇ ತಿಂಗಳ ರಜೆಯಲ್ಲಿ ಗೋಣಿಚೀಲದಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು, ಮಾವನ ಮನೆಗೆ ತಲುಪಿಸಿ ಶಹಭಾಸ್ ಅನ್ನಿಸಿಕೊಂಡೆ.

ಜುಲೈ ತಿಂಗಳ ಒಂದು ಸಂಜೆ ಮತ್ತೆ ಫೋನು. ಭಾವನ ಮಗ ಅತ್ತೆಯವರನ್ನು ಡಾಕ್ಟರರಲ್ಲಿಂದ ಕರೆತರುತ್ತಿದ್ದಾಗ, ಮನೆಯ ಇಳಿಜಾರಿನಲ್ಲಿ ಹಿಂದಿನ ಬಲಗಡೆಯ ಹೊಸ ಶಾಕ್ ಕಿತ್ತುಬಂದಿತು. ಹಿಂದಿನ ಚಕ್ರ ನೆಲ ಕಚ್ಚದೆ ಕುಣಿಯತೊಡಗಿತು. ಬ್ರೇಕು ಒತ್ತಿದರೆ ಗಾಡಿ ಅಡ್ಡಡ್ಡ ಜಾರಿತು. ಮೋರಿಗೆ ಎರಡು ಮಾರು ಇರುವಾಗ ಒಂದು ಹಲಸಿನ ಮರ ತಡೆಯಿತು. ಅತ್ತೆಯವರ ಮೊಣಕೈಗೆ ಪೆಟ್ಟು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಆ ರಾತ್ರಿ ಅನ್ನ ಬಡಿಸುವಾಗಲೂ ಏನೂ ಅನ್ನಲಿಲ್ಲ. ತಂದವನು ನಾನು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಶನಿವಾರ ಕೋಪದಿಂದ ಆ ಅಂಗಡಿಗೆ ಹೋದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ಎತ್ತಿಸಿದ್ದು ಅಂತ ನೀವು ಹೇಳಿದ್ದಿರಾ?” ನಾನು ಹೇಳಿರಲಿಲ್ಲ. ಅವನು ಕೊಟ್ಟದ್ದು ಆ ಗಾಡಿಗೆ ಸರಿಯಾದ ಸಾಮಾನೇ. ಗಾಡಿಯೇ ಆ ಗಾಡಿಯಾಗಿ ಉಳಿದಿರಲಿಲ್ಲ. ಕಛೇರಿಯಲ್ಲಿ ಅರ್ಜಿ ಅಪೂರ್ಣವೆಂದು ದಿನಕ್ಕೆ ಹತ್ತು ಜನರನ್ನು ಹಿಂದಕ್ಕೆ ಕಳಿಸುವ ನಾನು, ಅಪೂರ್ಣ ಅರ್ಜಿ ಹಿಡಿದು ಅಂಗಡಿಗೆ ಹೋಗಿದ್ದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಿ.ಎ.ಗೆ ನಾನು ಓದಿದ್ದು ಇತಿಹಾಸ. ಗಾಡಿಯ ಭಾರ ಹೊರುವುದು ಶಾಕ್ ಅಬ್ಸಾರ್ಬರು ಎಂದೇ ಅಷ್ಟು ದಿನ ನಂಬಿದ್ದೆ. ಭಾರ ಹೊರುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಮ್ಮೆ ಕುಣಿಯಲು ತೊಡಗಿದರೆ ನಿಲ್ಲುವುದು ತಿಳಿಯದು. ಅದರ ಕುಣಿತ ನಿಲ್ಲಿಸುವುದೇ ಈ ಕೊಳವೆಯ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ರಂಧ್ರಗಳುಳ್ಳ ಒಂದು ಪಿಸ್ಟನ್ನು. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ರಂಧ್ರಗಳಲ್ಲಿ ನುಸುಳಿ ಹೋಗಬೇಕು. ಆ ಶ್ರಮದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಹೀಗಾಗಿ ಇದು ನಮ್ಮ ಸೊಂಟದ ಸುಖಕ್ಕೆ ಮಾತ್ರ ಇರುವ ಸಾಮಾನಲ್ಲ. ಟೈರನ್ನು ನೆಲಕ್ಕೆ ಕಚ್ಚಿಸಿ ಇಡುವುದು ಇದು. ಟೈರು ನೆಲದ ಮೇಲಿದ್ದರೆ ತಾನೇ ಬ್ರೇಕು ಹಿಡಿಯುವುದು?

ಇನ್ನು ಗಾಡಿಯನ್ನು ಎತ್ತಿಸಿದಾಗ ಆಗುವುದು ಏನು? ಶಾಕಿನ ಮೇಲಿನ ತುದಿ ಚಾಸಿಗೆ, ಕೆಳತುದಿ ಆಕ್ಸಲಿಗೆ. ಚಾಸಿ ಎರಡು ಇಂಚು ಮೇಲೆ ಹೋದರೆ ಇವೆರಡರ ನಡುವಿನ ದೂರ ಬೆಳೆಯಿತು, ಕೊಳವೆ ಬೆಳೆಯಲಿಲ್ಲ. ಬಾವಿಯಲ್ಲಿ ನೀರು ಕೆಳಗಿಳಿದಿದೆ, ಹಗ್ಗ ಮಾತ್ರ ಹಳೆಯದು ಎಂಬಂತೆ. ಹೊಂಡದಲ್ಲಿ ಚಕ್ರ ಜೋತುಬಿದ್ದಾಗ, ಆಕ್ಸಲಿನ ಮತ್ತು ಚಕ್ರದ ತೂಕವೆಲ್ಲ ಪೂರ್ತಿ ಎಳೆದುಕೊಂಡ ಶಾಕಿನ ಮೇಲೆ ಜಗ್ಗುತ್ತದೆ. ಜಗ್ಗಿ ಜಗ್ಗಿ ಒಂದು ದಿನ ಕಿತ್ತುಬರುತ್ತದೆ. ಮೊದಲಿನವು ಕೆಟ್ಟದ್ದೂ ಈ ಕಾರಣಕ್ಕೇ ಇರಬೇಕು; ನಾವು ಆಯುಸ್ಸಿನ ಮೇಲೆ ಹಾಕಿದೆವು.

ಎರಡನೆಯ ಹುಡುಕಾಟ ಆರಂಭವಾಯಿತು. ಒಂದು ಅಂಗಡಿಯಲ್ಲಿ ಇಲ್ಲವೆಂದರು. ಇನ್ನೊಂದರಲ್ಲಿ, ಹಳೆಯದಕ್ಕೇ ಕಬ್ಬಿಣದ ತುಂಡು ಬೆಸೆದು ಉದ್ದ ಮಾಡಿಕೊಡುತ್ತೇವೆ ಎಂದರು. ಬೆಸುಗೆ ಬಿಟ್ಟರೆ ಮತ್ತೆ ಹಲಸಿನ ಮರವೇ ಗತಿ ಎಂದು ಕೈಮುಗಿದು ಬಂದೆ. ಮೂರನೆಯವರು ಹೆಚ್ಚು ಭಾರದ ಗಾಡಿಯ ಉದ್ದನೆಯ ಶಾಕುಗಳನ್ನು ತೋರಿಸಿದರು. ಉದ್ದವೊಂದೇ ಸರಿಯಾದರೆ ಸಾಲದು. ಒಳಗಿನ ರಂಧ್ರಗಳ ಬಿಗುವು ಗಾಡಿಯ ತೂಕಕ್ಕೂ ಸ್ಪ್ರಿಂಗಿನ ಬಿಗಿತಕ್ಕೂ ಹೊಂದಬೇಕು. ತೀರ ಬಿಗಿಯಾದದ್ದು ಹಗುರ ಗಾಡಿಯನ್ನು ಕಲ್ಲಿನಿಂದ ಕಲ್ಲಿಗೆ ಎಸೆಯುತ್ತದೆ.

ನಾಲ್ಕನೆಯ ಅಂಗಡಿ ಓಣಿಯ ಕೊನೆಯಲ್ಲಿ. ಅಲ್ಲಿ ಕನ್ನಡಕ ಹಾಕಿದ ಒಬ್ಬ ವೃದ್ಧರು ಕುಳಿತಿದ್ದರು. ನಾನು ಗಾಡಿಯ ಹೆಸರು ಹೇಳಿ, ಈ ಸಲ ಎತ್ತಿಸಿದ್ದೆಂದೂ ಸೇರಿಸಿದೆ. ಅವರು ಚಹಾ ತರಿಸಿ ಮರಾಠಿಯಲ್ಲಿ ಹೇಳಿದರು: “ಸಾಹೇಬರೆ, ಎತ್ತಿಸಿದ ಗಾಡಿಗೆ ಹೆಸರಿಲ್ಲ, ಅಳತೆ ಉಂಟು. ಅಳತೆ ತನ್ನಿ.”

ಏನೇನು ಅಳತೆ ಎಂದು ಅವರೇ ಹೇಳಿಕೊಟ್ಟರು. ಗುಮಾಸ್ತನಿಗೆ ಇಷ್ಟು ಸಿಕ್ಕರೆ ಸಾಕು. ಮನೆಗೆ ಬಂದು ಒಂದು ನಮೂನೆ ತಯಾರಿಸಿ ಭಾವನ ಮಗನಿಗೆ ಕಳಿಸಿದೆ. ಬೇಕಾದವರು ಇದನ್ನು ನಕಲು ಮಾಡಿಕೊಳ್ಳಬಹುದು:

ಒಂದು: ಗಾಡಿ ಸಮನೆಲದ ಮೇಲೆ ನಿಂತಿರುವಾಗ, ಶಾಕಿನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಎಷ್ಟು ಇಂಚು?

ಎರಡು: ಆಕ್ಸಲು ಮೇಲೇರಿದಾಗ ಹೊಡೆತ ತಡೆಯಲು ಚಾಸಿಗೆ ಒಂದು ರಬ್ಬರು ಗಟ್ಟೆ ಇರುತ್ತದೆ. ಅದಕ್ಕೂ ಆಕ್ಸಲಿಗೂ ನಡುವೆ ಜಾಗ ಎಷ್ಟು?

ಮೂರು: ಚಾಸಿಯನ್ನು ಎತ್ತಿ, ಗಟ್ಟಿ ಆಧಾರದ ಮೇಲೆ ಕೂರಿಸಿ, ಶಾಕ್ ಬಿಚ್ಚಿ, ಆಕ್ಸಲು ಪೂರ್ತಿ ಜೋತುಬಿದ್ದಾಗ ಮೊದಲಿನ ದೂರ ಎಷ್ಟಾಯಿತು? (ಬರಿಯ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಸುಳಕೂಡದು.)

ನಾಲ್ಕು: ಶಾಕಿನ ತುದಿಗಳಲ್ಲಿ ಇರುವುದು ಬಳೆಯೋ, ಕಡ್ಡಿಯೋ? ಬೋಲ್ಟಿನ ದಪ್ಪ, ಬುಷ್ಷಿನ ಅಗಲ ಎಷ್ಟು?

ಐದು: ಆಕ್ಸಲು ಜೋತುಬಿದ್ದಾಗ ಬ್ರೇಕಿನ ರಬ್ಬರು ಕೊಳವೆ ಸಡಿಲವಾಗಿದೆಯೋ, ಬಿಗಿದಿದೆಯೋ?

ಆರು: ಗಾಡಿಯನ್ನು ಎತ್ತಿಸಿದ ಕಾರಣ.

ಉತ್ತರ ಬಂತು. ಹಿಂದಿನ ಚಕ್ರಗಳ ಲೆಕ್ಕ ಹೀಗೆ: ನಿಂತಾಗ 16 ಇಂಚು, ಗಟ್ಟೆಯವರೆಗಿನ ಜಾಗ 3 ಇಂಚು, ಜೋತುಬಿದ್ದಾಗ 19 ಇಂಚೂವರೆ. ನಾನು ಕೊಂಡೊಯ್ದಿದ್ದ ಶಾಕನ್ನು ಪೂರ್ತಿ ಎಳೆದರೆ 18 ಇಂಚು. ಒಂದೂವರೆ ಇಂಚು ಕಡಿಮೆ. ಬೇಕಾದದ್ದು ಎಂಥದು? ಅದುಮಿದಾಗ 16ರಲ್ಲಿ 3 ಕಳೆದು 13 ಇಂಚಿಗಿಂತ ಗಿಡ್ಡವಾಗಬೇಕು, ಎಳೆದಾಗ 19 ಇಂಚೂವರೆಗಿಂತ ಉದ್ದವಾಗಬೇಕು. ಗಟ್ಟೆಯೂ ಒತ್ತಡಕ್ಕೆ ಕುಗ್ಗುತ್ತದೆ. ಆದ್ದರಿಂದ ಎರಡು ಕಡೆಯೂ ಅರ್ಧ ಇಂಚು ಬಿಡುವು ಇಟ್ಟುಕೊಂಡು, ಹನ್ನೆರಡೂವರೆಯಿಂದ 20 ಎಂದು ವೃದ್ಧರು ಚೀಟಿಯಲ್ಲಿ ಬರೆದರು. ಉದ್ದವಿದ್ದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಿದೆ. “ತೀರ ಉದ್ದವಾದದ್ದು ಗಟ್ಟೆ ಮುಟ್ಟುವ ಮೊದಲೇ ತಳ ಹೊಡೆಯುತ್ತದೆ. ಆಗ ಶಾಕೇ ಒಡೆಯಬಹುದು, ಅದನ್ನು ಹಿಡಿದಿರುವ ಕೊಂಡಿಯೇ ಮುರಿಯಬಹುದು,” ಎಂದರು. ಮುಂದಿನ ಚಕ್ರಗಳಿಗೂ ಹೀಗೆಯೇ ಬೇರೆ ಲೆಕ್ಕ ಹಾಕಿದರು.

ಐದನೆಯ ಪ್ರಶ್ನೆಗೆ ಬಂದ ಉತ್ತರ ಓದಿ ಅವರು ಚಹಾದ ಲೋಟ ಕೆಳಗಿಟ್ಟರು. ‘ಬಿಗಿದಿದೆ’ ಎಂದು ಹುಡುಗ ಬರೆದಿದ್ದ. ಶಾಕ್ ಕಿತ್ತ ಮೇಲೆ ಆಕ್ಸಲನ್ನು ಹಿಡಿಯುವುದು ಏನೂ ಉಳಿಯಲಿಲ್ಲ. ಆ ಸಂಜೆ ಬ್ರೇಕಿನ ಕೊಳವೆಯೂ ಹರಿದಿದ್ದರೆ ಗಾಡಿಯನ್ನು ಮರ ಕೂಡ ತಡೆಯುತ್ತಿತ್ತೋ ಇಲ್ಲವೋ. ಶಾಕಿನ ಜೊತೆಗೆ ಉದ್ದನೆಯ ಬ್ರೇಕ್ ಕೊಳವೆಯೂ ಪಟ್ಟಿಗೆ ಸೇರಿತು. ಅದು ಬರುವ ತನಕ ಗಾಡಿ ಕೊಟ್ಟಿಗೆಯಿಂದ ಹೊರಡಬಾರದೆಂದು ಆ ಕೂಡಲೇ ಫೋನು ಮಾಡಿದೆ. ಮಾವನ ಮನೆಗೆ ನಾನು ಅಪ್ಪಣೆ ಮಾಡಿದ್ದು ಅದೇ ಮೊದಲು.

ಸಾಮಾನು ಬರಲು ಹತ್ತು ದಿನ ಹಿಡಿಯಿತು. ಒತ್ತಡದ ಅನಿಲ ತುಂಬಿದ ಬಗೆಯದನ್ನೇ ಆರಿಸಿದರು. ಒರಟು ದಾರಿಯಲ್ಲಿ ಬಹಳ ಹೊತ್ತು ಕುಲುಕಿದರೆ ಸಾಧಾರಣ ಶಾಕಿನೊಳಗಿನ ಎಣ್ಣೆ ಗಾಳಿಯೊಡನೆ ಕಲೆತು ಮಜ್ಜಿಗೆಯಂತೆ ನೊರೆಯೇಳುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಒಳಗೆ ನೈಟ್ರೋಜನ್ ಅನಿಲದ ಒತ್ತಡವಿದ್ದರೆ ನೊರೆ ಕಡಿಮೆ. ಬೆಲೆಯ ಮಾತು ಬೇಡ. ನನ್ನ ತುಟ್ಟಿಭತ್ಯೆಯ ಬಾಕಿ ಬಂದದ್ದು ಹೋದದ್ದು ತಿಳಿಯಲಿಲ್ಲ. ಎರಡು ದಿನ ರಜೆ ಹಾಕಿ ನಾನೇ ಒಯ್ದು, ಮಿಸ್ತ್ರಿಯ ಪಕ್ಕದಲ್ಲಿ ಟೇಪು ಹಿಡಿದು ನಿಂತು, ಹಾಕಿಸಿದೆ.

ಆರನೆಯ ಕಲಮನ್ನು ಹುಡುಗ ಖಾಲಿ ಬಿಟ್ಟಿದ್ದ. ಸರಕಾರಿ ಅನ್ನ ಉಣ್ಣುವವನಾದ್ದರಿಂದ ಆ ವಿಷಯದಲ್ಲಿ ಭಾವನಿಗೆ ಒಂದು ಮಾತು ಹೇಳಲೇಬೇಕಾಯಿತು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕನು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ನಾಳೆ ಅಪಘಾತವಾಗಿ ವಿಮೆಯವರು ತಕರಾರು ತೆಗೆದರೆ ನಮ್ಮ ಬಾಯಿಗೆ ಮಾತಿರುವುದಿಲ್ಲ. ಭಾವ ಬಹಳ ಹೊತ್ತು ಕವಳ ಅಗಿದರು. ಕಡೆಗೆ, “ಈಗ ಮಳೆ, ದಾರಿ ಹೀಗಿದೆ. ದೀಪಾವಳಿ ಕಳೆದ ಮೇಲೆ ದಿಬ್ಬ ಕಡಿಸಿ ಕಲ್ಲು ಹಾಸಿಸುತ್ತೇನೆ, ಪ್ಲೇಟನ್ನೂ ತೆಗೆಸುತ್ತೇನೆ, ಭಾವ,” ಎಂದರು. “ಆಯಿಗೂ ಸ್ಟೂಲು ಹತ್ತಿ ಸಾಕಾಗಿದೆ.”

ಮರುದಿನ ಅತ್ತೆಯವರನ್ನು ಡಾಕ್ಟರರಲ್ಲಿಗೆ ಕರೆದೊಯ್ದು ತಂದೆವು. ಬರುವಾಗ ಅದೇ ಇಳಿಜಾರು, ಅದೇ ಹಲಸಿನ ಮರ. ಅಲ್ಲಿಗೆ ಬಂದಾಗ ಕೈ ಹಿಡಿದುಕೊಳ್ಳಲೆಂದು ನಾನು ತಿರುಗಿ ನೋಡಿದರೆ, ಅವರು ಮಗಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಆಗಲೂ ಏನೂ ಅನ್ನಲಿಲ್ಲ.

ಮೇ ತಿಂಗಳಲ್ಲಿ ತಂದ ನಾಲ್ಕರಲ್ಲಿ, ಬಿಚ್ಚಿ ನೋಡಿದಾಗ ಕೆಡದೆ ಉಳಿದಿದ್ದ ಮುಂದಿನ ಎರಡು ಈಗ ಅಟ್ಟದ ಮೇಲೆ ಗೋಣಿಚೀಲದಲ್ಲಿವೆ. ದೀಪಾವಳಿಯ ಮೇಲೆ ಗಾಡಿ ಕೆಳಗಿಳಿದಾಗ ಬೇಕಾಗುತ್ತವೆ. ಚೀಲದ ಬಾಯಿಗೆ ಒಂದು ಚೀಟಿ ಕಟ್ಟಿದ್ದೇನೆ. ಅದರಲ್ಲಿ ಗಾಡಿಯ ಹೆಸರು ಬರೆದಿಲ್ಲ. ಅದುಮಿದಾಗ ಎಷ್ಟು, ಎಳೆದಾಗ ಎಷ್ಟು, ಅಷ್ಟೇ ಬರೆದಿದ್ದೇನೆ.