ಇಲಿಗೆ ಗುಣವಾದರೆ ಅಮ್ಮಿಗೂ ಗುಣವೇ?

ಕಳೆದ ತಿಂಗಳು ಐವತ್ತು ದಾಟಿದ ತಾಯಿಯೊಬ್ಬರು ಮಗಳ ಜೊತೆ ಕ್ಲಿನಿಕ್‌ಗೆ ಬಂದಿದ್ದರು. ಮುಟ್ಟು ನಿಂತು ಎರಡು ವರ್ಷವಾಗಿದೆ, ಥೈರಾಯ್ಡ್ ಮಾತ್ರೆ ಆರು ವರ್ಷದಿಂದ ನಡೆದಿದೆ. ಮಗಳ ಮೊಬೈಲ್‌ನಲ್ಲಿ ಒಂದು ಪುಡಿಯ ಜಾಹೀರಾತು. ಅದನ್ನು ತಿಂದ ಇಲಿಗಳ ಥೈರಾಯ್ಡ್ ಸರಿಹೋಯಿತಂತೆ. "ಡಾಕ್ಟ್ರೇ, ಇದು ಗಿಡಮೂಲಿಕೆಯೇ ಅಲ್ವಾ? ಅಮ್ಮಿಗೆ ಮಾತ್ರೆ ಬಿಡಿಸಬಹುದಾ?"

ಬೇಡ ಎಂದೆ. ಯುನಾನಿ ವೈದ್ಯನೇ ಹೀಗೆ ಹೇಳಿದ್ದು ಅವರಿಗೆ ಅಚ್ಚರಿ. ಕಾರಣ ನಿಮಗೂ ತಿಳಿದಿರಲಿ.

ಥೈರಾಯ್ಡ್ ವಿಷಯದಲ್ಲಿ ಇಲಿಗೂ ಮನುಷ್ಯರಿಗೂ ಬಹಳ ಅಂತರವಿದೆ. ನಮ್ಮ ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನ್ ಇದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಅದನ್ನು ಹೆಚ್ಚಿಸುತ್ತದೆ. ಪ್ರಾಯದ ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಟಿ4 ಹಾರ್ಮೋನಿನ ಅರ್ಧ ಭಾಗ ಇಲಿಯ ದೇಹದಿಂದ ಒಂದು ದಿನದೊಳಗೆ ಹೋಗಿಬಿಡುತ್ತದೆ, ನಮ್ಮಲ್ಲಿ ಅದಕ್ಕೆ ಸುಮಾರು ಒಂದು ವಾರ ಬೇಕು. ಗಂಡು ಇಲಿಯಲ್ಲಿ ಟಿಎಸ್‌ಎಚ್ ಹೆಣ್ಣಿಗಿಂತ ಹೆಚ್ಚು, ಬೀಜ ತೆಗೆದರೆ ಅದು ಇಳಿಯುತ್ತದೆ. ಮನುಷ್ಯರಲ್ಲಾದರೋ ಥೈರಾಯ್ಡ್ ಕಾಯಿಲೆ ಹೆಂಗಸರನ್ನೇ ಹಲವು ಪಟ್ಟು ಹೆಚ್ಚು ಕಾಡುತ್ತದೆ. ಮುಪ್ಪಾದಂತೆ ಇಲಿಯ ಟಿ4 ಇಳಿಯುತ್ತದೆ; ನಮ್ಮಲ್ಲಿ ಟಿ4 ಹೆಚ್ಚುಕಡಿಮೆ ಹಾಗೇ ಇದ್ದು ಟಿಎಸ್‌ಎಚ್ ಸ್ವಲ್ಪ ಏರುತ್ತದೆ.

ಹಾಗಂತ ಇಲಿಗಳ ಸಂಶೋಧನೆ ವ್ಯರ್ಥ ಎನ್ನುವುದಿಲ್ಲ. ಲಿಂಗ, ವಯಸ್ಸು ಎರಡನ್ನೂ ನೋಡದೆ ಥೈರಾಯ್ಡನ್ನು ಅಳೆಯಬಾರದು ಎಂಬುದನ್ನು ಅದೇ ತೋರಿಸಿದೆ. ಆದರೆ ಜಾಹೀರಾತಿನವರು ಇಲಿ ಗಂಡೋ ಹೆಣ್ಣೋ, ಎಳೆಯದೋ ಮುದಿಯೋ ಎಂದೂ ಹೇಳುವುದಿಲ್ಲ! ಔಷಧಿಯನ್ನು ಮನುಷ್ಯನ ದೇಹದ ಮೇಲೆಯೇ ಪರೀಕ್ಷಿಸಬೇಕು, ಸಿಂಹಕ್ಕೋ ಕುದುರೆಗೋ ಆದ ಪರಿಣಾಮ ನಮಗೆ ಬೇರೆಯೇ ಆಗಬಹುದು ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ 'ಅಲ್ ಕಾನೂನ್'ನಲ್ಲಿ ಬರೆದಿದ್ದಾರೆ. ಅವರ ಹೆಸರಲ್ಲಿ ಪುಡಿ ಮಾರುವವರು ಆ ಪುಟವನ್ನು ಓದಿಲ್ಲ.

ಮಾತ್ರೆ ನಿಲ್ಲಿಸಿದರೆ ಮೊದಲ ಕೆಲವು ದಿನ ಏನೂ ಅನಿಸದು, ಏಕೆಂದರೆ ಹಾರ್ಮೋನ್ ನಿಧಾನವಾಗಿ ಖಾಲಿಯಾಗುತ್ತದೆ. 'ಪುಡಿ ಕೆಲಸ ಮಾಡಿತು' ಎಂದುಕೊಳ್ಳುತ್ತೇವೆ. ಆಮೇಲೆ ಸುಸ್ತು, ಮಲಬದ್ಧತೆ, ಒಣಚರ್ಮ, ಮರೆವು ಬಂದಾಗ ಮನೆಯಲ್ಲಿ ಹೇಳುವುದು ಒಂದೇ ಮಾತು: "ವಯಸ್ಸಾಯ್ತಲ್ಲ." ಈ ಮಾತಿನಿಂದ ಎಷ್ಟು ತಾಯಂದಿರ ಕಾಯಿಲೆ ವರ್ಷಗಟ್ಟಲೆ ಮುಚ್ಚಿಹೋಗಿದೆಯೋ! ಒಂದು ರಕ್ತಪರೀಕ್ಷೆ ಮಾಡಿಸಿ.

ಇನ್ನೊಂದು ತಪ್ಪೂ ಇದೆ. ಎಪ್ಪತ್ತು ದಾಟಿದವರ ಟಿಎಸ್‌ಎಚ್ ತುಸು ಏರಿದ ಮಾತ್ರಕ್ಕೆ ಮಾತ್ರೆ ಬೇಕೇಬೇಕು ಎಂದೇನಿಲ್ಲ. ಡೋಸ್ ಹೆಚ್ಚಾದರೆ ಹೃದಯ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿಯರಿಗೂ ಈಸ್ಟ್ರೋಜನ್ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಕಾಗುವ ಡೋಸ್ ಏರಬಹುದು. ಇದನ್ನು ವೈದ್ಯರೇ ನಿರ್ಧರಿಸಲಿ.

ಆ ತಾಯಿಗೆ ಮಾತ್ರೆ ಮುಂದುವರಿಸಲು ಹೇಳಿದೆ. ಕ್ಯಾಲ್ಸಿಯಂ ಗುಳಿಗೆಯನ್ನೂ ಅದರ ಜೊತೆಗೇ ನುಂಗುತ್ತಿದ್ದರು, ನಾಲ್ಕು ಗಂಟೆ ಅಂತರ ಬಿಡಿ ಎಂದೆ. "ರಮಝಾನ್‌ನಲ್ಲಿ?" ಎಂದರು. ಸಹರಿಗೆ ಅರ್ಧದಿಂದ ಒಂದು ಗಂಟೆ ಮೊದಲು ಬರೀ ನೀರಿನಲ್ಲಿ ಅಥವಾ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ.