ಸಾಲು ಸರಿ, ಸ್ಥಾನ ತಪ್ಪು

ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿಗಳ ಕಡೆಯಿಂದ ಬಂದು ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಮನೆಯಲ್ಲಿಯೂ ಊರಿನಲ್ಲಿಯೂ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಓದಿ ಮುಂದೇನು? ಅತ್ತಿಬೆಲೆಯ ಗಡಿ ದಾಟಿದರೆ ಎಲೆಕ್ಟ್ರಾನಿಕ್ಸ್ ಸಿಟಿ. ಅಲ್ಲಿ ಬೇಕಾದುದು ಕಂಪ್ಯೂಟರಿನ ಭಾಷೆಯೇ ಹೊರತು ಹಳಗನ್ನಡವಲ್ಲ ಎಂಬ ಮಾತು ಆ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಇದಕ್ಕೆ ಭಾಷಾಭಿಮಾನದ ಉತ್ತರ ಸಾಲದು. ಕಂಪ್ಯೂಟರಿನ ಕೆಲಸಕ್ಕೂ ಬರೆಯುವವರಷ್ಟೇ ಓದುವವರು ಬೇಕು. ಆ ಓದಿನ ಶಿಸ್ತಿಗೂ ಗ್ರಂಥಸಂಪಾದನೆಯ ಶಿಸ್ತಿಗೂ ನಿಕಟವಾದ ಸಂಬಂಧವಿದೆ. ನಡೆದ ಒಂದು ಪ್ರಸಂಗದಿಂದ ಇದನ್ನು ತಿಳಿಯಬಹುದು.

ಒಂದೇ ಕಂಪ್ಯೂಟರಿನೊಳಗೆ ತಂತ್ರಾಂಶದ ಬಲದಿಂದ ಹಲವು ಕಂಪ್ಯೂಟರುಗಳನ್ನು ಕಲ್ಪಿಸಿ ನಡೆಸಬಹುದು. ಹೀಗೆ ಕಲ್ಪಿತವಾದುದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಆಶ್ರಯ ಕೊಟ್ಟ ಯಂತ್ರ ಆತಿಥೇಯ. ಒಳಗೆ ನೆಲೆಸಿದ ಯಂತ್ರ ಅತಿಥಿ. ಎರಡೂ ಒಂದೇ ಸೂರಿನಡಿ ಇದ್ದರೂ ಅವುಗಳ ನಡುವೆ ಗೋಡೆಯಿದೆ. ಮಾತನಾಡಲು ಕಿಟಕಿಯೊಂದು ಬೇಕು. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಈ ಕಿಟಕಿಯನ್ನು ವಿಸಾಕ್ ಎನ್ನುತ್ತಾರೆ. ಸಾಕೆಟ್ ಎಂಬ ಸಂಪರ್ಕದ್ವಾರಗಳಲ್ಲಿ ಅದೊಂದು ಬಗೆ. ಅಂತರ್ಜಾಲದಲ್ಲಿ ಬೇಕಾಗುವ ಐಪಿ ವಿಳಾಸ ಇದಕ್ಕೆ ಬೇಡ. ಯಂತ್ರಕ್ಕೊಂದು ಸಂಖ್ಯೆ, ಬಾಗಿಲಿಗೊಂದು ಸಂಖ್ಯೆ ಇದ್ದರಾಯಿತು. ಆತಿಥೇಯನ ಸಂಖ್ಯೆ ಯಾವಾಗಲೂ 2.

ವಿಎಂವೇರ್ ಸಂಸ್ಥೆಯ ಕೊಡುಗೆಯಾಗಿ ಈ ವ್ಯವಸ್ಥೆ 2013ರ ಲಿನಕ್ಸ್ 3.9ನೆಯ ಆವೃತ್ತಿಯನ್ನು ಸೇರಿತು. ಸಂದೇಶವನ್ನು ನಿಜವಾಗಿ ಹೊತ್ತೊಯ್ಯುವ ಭಾಗಕ್ಕೆ ವಾಹಕವೆಂದು ಕರೆದರೆ, 2016ರ 4.8ನೆಯ ಆವೃತ್ತಿಯಲ್ಲಿ ವರ್ಟಿಯೊ ಎಂಬ ಎರಡನೆಯ ವಾಹಕವೂ, 2017ರ 4.14ನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟಿನ ಹೈಪರ್-ವಿಗೆ ಹೊಂದುವ ಮೂರನೆಯ ವಾಹಕವೂ ಬಂದವು. ಆದರೆ ಒಂದು ಯಂತ್ರದಲ್ಲಿ ಒಮ್ಮೆಗೆ ಒಂದೇ ವಾಹಕಕ್ಕೆ ಎಡೆ. ಅತಿಥಿಯೇ ಮತ್ತೊಬ್ಬ ಅತಿಥಿಗೆ ಆತಿಥೇಯನಾಗುವ ಸಂದರ್ಭದಲ್ಲಿ ಇದು ಸಾಲದಾಯಿತು. ಹಲವು ವಾಹಕಗಳು ಒಟ್ಟಿಗೆ ಇರುವಂತೆ 2019ರ ನವೆಂಬರಿನಲ್ಲಿ ತಿದ್ದುಪಡಿಗಳ ಒಂದು ಸರಣಿಯನ್ನು ಸೇರಿಸಲಾಯಿತು. ಉದ್ದೇಶ ಸಾಧುವಾಗಿತ್ತು; ನುರಿತವರು ಓದಿ ಒಪ್ಪಿದ್ದರು.

ತಪ್ಪು ನುಸುಳಿದುದು ಅಲ್ಲಿಯೇ. ಪ್ರತಿಯೊಂದು ಸಾಕೆಟ್ಟೂ ತನ್ನ ವಾಹಕ ಯಾವುದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಕೆಲಸ ಆರಂಭಿಸುವ ಮುನ್ನ ಕರ್ನಲ್ ಆ ವಾಹಕದ ಗುರುತನ್ನು ನಕಲು ಮಾಡಿಕೊಂಡು, ಬಳಿಕ ಬೇರೆ ಯಾರೂ ಕೈಹಾಕದಂತೆ ಸಾಕೆಟ್ಟಿಗೆ ಬೀಗ ಹಾಕುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ವಾಹಕವೇ ಬದಲಾಗಬಹುದಾಗಿದ್ದರಿಂದ, ನಕಲಿಗೂ ಬೀಗಕ್ಕೂ ನಡುವಣ ಕ್ಷಣಾರ್ಧದಲ್ಲಿ ಮತ್ತೊಂದು ಕಾರ್ಯವು ಅದನ್ನು ಬದಲಿಸಿಬಿಟ್ಟರೆ ಕೈಯಲ್ಲಿ ಉಳಿಯುವುದು ಹಳೆಯ ಗುರುತು ಮಾತ್ರ. ಓಲೆಗಳ ಭಂಡಾರಕ್ಕೆ ಹೋದವನೊಬ್ಬ ಕಟ್ಟು ಯಾವ ಗೂಡಿನಲ್ಲಿದೆಯೆಂದು ಮೊದಲೇ ಬರೆದುಕೊಂಡು, ಅನಂತರ ಒಳಗಿನಿಂದ ಅಗುಳಿ ಹಾಕುತ್ತಾನೆ. ನಡುವೆ ಮತ್ತೊಬ್ಬ ಕಟ್ಟನ್ನು ತೆಗೆದು ಆ ಗೂಡಿನಲ್ಲಿ ಬೇರೊಂದನ್ನು ಇಟ್ಟಿದ್ದಾನೆ. ಮೊದಲಿನವನು ಟಿಪ್ಪಣಿ ಬರೆಯುವುದು ಯಾರದೋ ಗ್ರಂಥದ ಮೇಲೆ.

ಈ ಬಗೆಯ ಐದು ತಪ್ಪುಗಳನ್ನು ಅಲೆಕ್ಸಾಂಡರ್ ಪೊಪೊವ್ ಎಂಬ ಸಂಶೋಧಕರು 2021ರಲ್ಲಿ ಬಯಲಿಗೆ ತಂದರು. ಸಾಮಾನ್ಯ ಬಳಕೆದಾರನೊಬ್ಬ ಇವನ್ನು ಹಿಡಿದು ಇಡೀ ಯಂತ್ರದ ಒಡೆತನವನ್ನೇ ಪಡೆಯಬಹುದೆಂಬುದನ್ನು ಫೆಡೋರಾ 33 ಸರ್ವರ್ ಮೇಲೆ ಅವರು ಪ್ರಯೋಗದಿಂದ ತೋರಿಸಿದರು. ಸುಮಾರು ಹದಿನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದಿದ್ದ ದೋಷಕ್ಕೆ 2021ರ ಫೆಬ್ರವರಿಯಲ್ಲಿ ಪರಿಹಾರ ಬಂತು. ಪರಿಹಾರವಾದರೂ ಏನು? ನಕಲು ಮಾಡುವ ಸಾಲನ್ನು ಬೀಗದ ಸಾಲಿನ ಕೆಳಕ್ಕೆ ಇಳಿಸುವುದು. ಸಾಲಿನ ಒಂದು ಅಕ್ಷರದಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದುದು ಅದರ ಸ್ಥಾನದಲ್ಲಿ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಪ್ರಸಂಗ ಹೊಸದೆನಿಸದು. ಓಲೆಗರಿಯ ಪ್ರತಿಗಳಲ್ಲಿ ಎಕಾರ ಏಕಾರಗಳನ್ನೂ ಒಕಾರ ಓಕಾರಗಳನ್ನೂ ಲಿಪಿಕಾರರು ಸಾಮಾನ್ಯವಾಗಿ ಬೇರ್ಪಡಿಸಿ ಬರೆಯುತ್ತಿರಲಿಲ್ಲ. ಓಲೆಯಲ್ಲಿರುವುದು ಕೆಡು ಎಂಬುದೋ ಕೇಡು ಎಂಬುದೋ, ಕೊಡು ಎಂಬುದೋ ಕೋಡು ಎಂಬುದೋ, ಅಕ್ಷರವನ್ನು ಎಷ್ಟು ದಿಟ್ಟಿಸಿದರೂ ತಿಳಿಯದು. ಅಕ್ಕಪಕ್ಕದ ಪದ, ವಾಕ್ಯದ ಅನ್ವಯ, ಪದ್ಯದ ಛಂದಸ್ಸು ಇವೆಲ್ಲವೂ ಸೇರಿ ತೀರ್ಮಾನ ಹೇಳಬೇಕು. ಛಂದಸ್ಸೂ ಕೊನೆಯ ಸಾಕ್ಷಿಯಲ್ಲ. ಗಣ ಕೆಡದಂತೆ ತಪ್ಪು ಪಾಠವೊಂದು ಪದ್ಯದೊಳಗೆ ಸುಖವಾಗಿ ಕುಳಿತಿರುವುದುಂಟು. ವಿಸಾಕ್‌ನ ಸಾಲುಗಳೂ ಹಾಗೆಯೇ ಕುಳಿತಿದ್ದವು. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರು ವ್ಯಾಕರಣವನ್ನು ಪರೀಕ್ಷಿಸಿ ಒಪ್ಪಿತ್ತು; ಕಾರ್ಯಕ್ರಮ ದಿನವೂ ಓಡುತ್ತಿತ್ತು. ಗಣ ಸರಿಹೋದ ಮಾತ್ರಕ್ಕೆ ಪಾಠ ಶುದ್ಧವಾಗದೆಂಬ ಎಚ್ಚರ ಇಬ್ಬರು ಓದುಗರಿಗೂ ಒಂದೇ.

ಇಂಥ ಓದಿಗೆ ಈ ನಾಡಿನಲ್ಲಿ ದೀರ್ಘವಾದ ಪರಂಪರೆಯಿದೆ. ಜ್ಞಾನೇಶ್ವರಿ ರಚಿತವಾಗಿ ಸುಮಾರು ಮುನ್ನೂರು ವರ್ಷಗಳು ಕಳೆದ ಮೇಲೆ, ಪೈಠಣದ ಏಕನಾಥರು 1584ರಲ್ಲಿ ಅದರ ಪಾಠವನ್ನು ಶೋಧಿಸಿ ಶುದ್ಧ ಪ್ರತಿಯೊಂದನ್ನು ಸಿದ್ಧಪಡಿಸಿದರು. ಸ್ವತಃ ದೊಡ್ಡ ಕವಿಯಾಗಿದ್ದರೂ ಪರರ ಕೃತಿಯಲ್ಲಿ ತಮ್ಮ ಕಾವ್ಯವನ್ನು ಬೆರೆಸಲಿಲ್ಲ. ಮುಂದೆ ಯಾರೂ ಬೆರೆಸಬಾರದೆಂದು ಎಚ್ಚರಿಸಿದರು. ಕನ್ನಡದಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರು ತಮ್ಮ ಅನುಭವವನ್ನು ‘ಕನ್ನಡ ಗ್ರಂಥಸಂಪಾದನೆ’ ಎಂಬ ಹೊತ್ತಗೆಯಲ್ಲಿ ಶಾಸ್ತ್ರವಾಗಿ ನಿಲ್ಲಿಸಿದರು. ವಿಚಿತ್ರವಾಗಿ ಕಂಡ ಪಾಠವನ್ನು ಅವಸರದಿಂದ ಸುಲಭಗೊಳಿಸಬಾರದೆಂಬುದು ಈ ಶಾಸ್ತ್ರದ ಮುಖ್ಯ ಪಾಠಗಳಲ್ಲೊಂದು. ಕರ್ನಲ್‌ನ ಡ್ರೈವರನ್ನು ಪರಾಮರ್ಶಿಸುವವರಿಗೂ ಇದು ಸಲ್ಲುತ್ತದೆ. ಅನವಶ್ಯಕವೆಂದು ತೋರುವ ಒಂದು ಸಾಲು ಯಾವುದೋ ಹಳೆಯ ಆಪತ್ತಿಗೆ ಕಟ್ಟಿದ ತಡೆಯಾಗಿರಬಹುದು. ಇತಿಹಾಸ ತಿಳಿಯದೆ ಅದನ್ನು ಅಳಿಸುವುದು ಅಪಾಯ.

ಆದರೂ ಹೋಲಿಕೆಯನ್ನು ಎಳೆದು ತೆಳ್ಳಗೆ ಮಾಡಬಾರದು. ಸಂಪಾದಕನ ಗುರಿ ಕವಿ ಬರೆದುದು ಏನು ಎಂಬುದು. ಕೋಡಿನ ಪರಾಮರ್ಶಕನ ಗುರಿ ಬರೆಯಬೇಕಾದುದು ಏನು ಎಂಬುದು. ಪಂಪನ ಪ್ರಯೋಗ ವಿಲಕ್ಷಣವಾಗಿದ್ದರೂ ಅದನ್ನು ಉಳಿಸಿಕೊಳ್ಳಲೇಬೇಕು. ಡ್ರೈವರಿನ ಲೇಖಕರು ಎಡವಿದ್ದರೆ ತಿದ್ದಲೇಬೇಕು. ಹಳಗನ್ನಡ ಬಲ್ಲವರೆಲ್ಲ ಕರ್ನಲ್ಲನ್ನು ಓದಬಲ್ಲರೆಂಬುದೂ ಹುಸಿಮಾತು. ಅದಕ್ಕೆ ಸಿ ಭಾಷೆ ಬೇಕು, ಯಂತ್ರದ ಸ್ಮೃತಿ ಕೆಲಸ ಮಾಡುವ ಬಗೆಯ ಅರಿವು ಬೇಕು, ವರ್ಷಗಳ ಅಭ್ಯಾಸ ಬೇಕು. ಕನ್ನಡ ಐಚ್ಛಿಕವು ಕೊಡಬಲ್ಲುದು ಆ ತಿಳಿವಳಿಕೆಯನ್ನಲ್ಲ, ಅದಕ್ಕೆ ಮೊದಲು ಬೇಕಾದ ಮನೋಧರ್ಮವನ್ನು: ಸರಿಯೆಂದು ಕಾಣುವುದನ್ನೂ ಸಂಶಯಿಸಿ ಓದುವುದು, ಒಂದೆಡೆಯ ಬದಲಾವಣೆ ಇನ್ನೊಂದೆಡೆಯ ಅರ್ಥವನ್ನು ಹೇಗೆ ತಿರುಗಿಸುತ್ತದೆಂದು ನೋಡುವುದು, ಕೊಟ್ಟ ತೀರ್ಪಿಗೆ ಕಾರಣ ಬರೆಯುವುದು.

ಈ ಕೊನೆಯದು ಗಮನಾರ್ಹ. ಲಿನಕ್ಸ್ ಕರ್ನಲ್‌ನಲ್ಲಿ ತಿದ್ದುಪಡಿಯನ್ನು ಓದಿ ಒಪ್ಪಿದವರು ತಮ್ಮ ಹೆಸರನ್ನು ಅದರ ಕೆಳಗೆ ‘ರಿವ್ಯೂಡ್-ಬೈ’ ಎಂದು ನಮೂದಿಸುತ್ತಾರೆ. ಯಾವ ಹಿಂದಿನ ಬದಲಾವಣೆಯ ದೋಷವನ್ನು ಇದು ಸರಿಪಡಿಸುತ್ತದೆ ಎಂಬುದನ್ನೂ ‘ಫಿಕ್ಸಸ್’ ಎಂಬ ಸಾಲಿನಲ್ಲಿ ಕಾಣಿಸುತ್ತಾರೆ. ದೋಷವೇ ಇಲ್ಲವೆಂಬ ಭರವಸೆ ಇದಲ್ಲ. ಓದಿದವರು ಯಾರು ಎಂಬುದಕ್ಕೆ ದಾಖಲೆ, ಓದಿನ ಹೊಣೆಗಾರಿಕೆ. ಕನ್ನಡ ತರಗತಿಗಳಲ್ಲಿ ಈ ಹೊಣೆಗಾರಿಕೆ ಕ್ಷೀಣಿಸುತ್ತಿದೆ. ಪಾಠಾಂತರ, ಪ್ರಕ್ಷೇಪ, ಪ್ರತಿಗಳ ವಂಶವೃಕ್ಷ ಎಂಬ ಪದಗಳ ಲಕ್ಷಣವನ್ನು ಗೈಡಿನಿಂದ ಕಂಠಪಾಠ ಮಾಡಿ ಐದು ಅಂಕ ಗಳಿಸುವುದು ಸುಲಭ. ಒಂದೇ ಒಂದು ಪದ್ಯದ ಎರಡು ಪಾಠಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಆರಿಸಿ, ಏಕೆಂದು ಅರ್ಧ ಪುಟ ಬರೆಯುವುದು ಕಷ್ಟ. ಮೊದಲನೆಯದರಿಂದ ಓದುಗ ಹುಟ್ಟುವುದಿಲ್ಲ. ಹಾಗೆ ಕಲಿತ ಕನ್ನಡದ ಉಪಯೋಗವೇನೆಂದು ಊರವರು ಕೇಳಿದರೆ ಅವರನ್ನು ದೂರುವಂತಿಲ್ಲ.

ಗಡಿನಾಡಿನ ವಿದ್ಯಾರ್ಥಿಗೆ ಈ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಮನೆಯ ಹೊರಗೇ ಇದೆ. ಪೊಸ ಎಂಬುದು ಹೊಸ ಎಂದಾಗಿ, ಅದಕ್ಕೆ ಊರು ಸೇರಿ ಹೊಸೂರು ಆಯಿತು. ಅದೇ ಹೆಸರು ತಮಿಳಿಗೆ ದಾಟುವಾಗ ಹಕಾರವನ್ನು ಕಳೆದುಕೊಂಡು ಒಸೂರ್ ಎಂದೂ ಓಸೂರ್ ಎಂದೂ ಬರಹಕ್ಕೆ ಇಳಿಯಿತು. ವಾಹಕ ಬದಲಾದಾಗ ಹೊತ್ತ ವಸ್ತುವಿಗೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದೊಂದು ಹಳ್ಳಿಯ ಹೆಸರನ್ನು ಆರಿಸಿಕೊಳ್ಳಲಿ. ಬಸ್ಸಿನ ಫಲಕ, ಜಮೀನಿನ ಪತ್ರ, ಶಾಸನ, ಹಿರಿಯರ ಬಾಯಿಮಾತು ಇವುಗಳಲ್ಲಿ ದೊರೆತ ರೂಪಗಳನ್ನೆಲ್ಲ ಸಂಗ್ರಹಿಸಿ, ಯಾವುದು ಹಳೆಯದು, ಯಾವುದು ಎಲ್ಲಿ ತಿರುಗಿತು ಎಂದು ಕಾರಣಸಹಿತ ಬರೆಯಲಿ. ಮತ್ತೊಬ್ಬ ವಿದ್ಯಾರ್ಥಿ ಅದನ್ನು ಓದಿ, ಪ್ರಶ್ನಿಸಿ, ಒಪ್ಪಿಗೆಯಾದ ಮೇಲೆ ಕೆಳಗೆ ತನ್ನ ಹೆಸರು ಹಾಕಲಿ. ಆ ಎರಡನೆಯ ಹೆಸರಿಗೂ ಅಂಕ ದೊರೆಯುವಂತಾದ ದಿನ ಗ್ರಂಥಸಂಪಾದನೆ ಪಠ್ಯಕ್ರಮದ ಪುಟದಿಂದ ಹೊರಬಂದು ವಿದ್ಯೆಯಾಗುತ್ತದೆ.